ಜಾನ್ ಹೈಸ್‌ಮನ್ ಬದುಕನ್ನು ಕನ್ನಡದಲ್ಲಿ ಬರೆಯುವ ಬಗೆ

ಅಮೆರಿಕದ ಕಾಲೇಜು ಫುಟ್‌ಬಾಲ್‌ನ ಆರಂಭಕಾಲದ ಆಟಗಾರ, ತರಬೇತುದಾರ ಜಾನ್ ವಿಲಿಯಂ ಹೈಸ್‌ಮನ್ ಅವರ ಬಗ್ಗೆ ಬರೆಯಲು ಕೂತವರು ಸಾಮಾನ್ಯವಾಗಿ ಹುಟ್ಟೂರಿನಿಂದ ಶುರುಮಾಡುತ್ತಾರೆ. ಅಪ್ಪನ ಕಸುಬು, ಓದು, ಆಟ, ಮದುವೆ, ಸಾವು ಎಂದು ಸಾಲಾಗಿ ಸಾಗುತ್ತಾರೆ. ಓದುವವರಿಗೆ ಆ ಕ್ರಮ ಒಪ್ಪುತ್ತದೆ, ಬರೆಯುವವರಿಗೆ ಒಪ್ಪುವುದಿಲ್ಲ. ಬರೆಯುವವರು ಮೊದಲು ಕೈಗೆತ್ತಿಕೊಳ್ಳಬೇಕಾದದ್ದು ಆಯಾ ವರ್ಷದ ಆಟದ ನಿಯಮ. ಅದಾದ ಮೇಲೆ ಪಂದ್ಯಗಳ ಅಂಕ, ಆಮೇಲೆ ಯಾವ ವರ್ಷ ಯಾವ ಕಾಲೇಜು ಎಂಬ ಪಟ್ಟಿ, ಕೊನೆಗೆ ಬದುಕಿನ ಉಳಿದ ಸಂಗತಿ.

ಹೈಸ್‌ಮನ್ 1880ರ ದಶಕದ ಕೊನೆಯಿಂದ 1927ರವರೆಗೆ ಈ ಆಟದೊಳಗೇ ಇದ್ದರು. ಆ 40 ವರ್ಷಗಳಲ್ಲಿ ಅಂಕದ ಬೆಲೆ, ಪಂದ್ಯದ ಅವಧಿ, ಅಂಗಳದ ಉದ್ದ, ಚೆಂಡನ್ನು ಎಸೆಯಬಹುದೇ ಕೂಡದೇ ಎಂಬ ಮೂಲ ಪ್ರಶ್ನೆ, ಎಲ್ಲವೂ ಬದಲಾದವು. ಇಂದಿನ ಆಟವನ್ನು ಮನಸ್ಸಿನಲ್ಲಿಟ್ಟುಕೊಂಡು 1892ರ ಪಂದ್ಯದ ವರದಿ ಓದಿದರೆ ಪ್ರತಿ ಎರಡನೇ ವಾಕ್ಯ ತಪ್ಪು ಅರ್ಥ ಕೊಡುತ್ತದೆ. ಇಲ್ಲಿ ಹೇಳುವ ವಿಧಾನ ಅದೇ ಕಾಲದ ಫುಟ್‌ಬಾಲ್ ಹಿರಿಯರಾದ ವಾಲ್ಟರ್ ಕ್ಯಾಂಪ್, ಅಮೋಸ್ ಅಲೊಂಜೊ ಸ್ಟ್ಯಾಗ್, ಪಾಪ್ ವಾರ್ನರ್ ಅವರಂಥವರ ಬಗ್ಗೆ ಬರೆಯುವಾಗಲೂ ನಡೆಯುತ್ತದೆ. ಆದರೂ ಹೈಸ್‌ಮನ್ ಅಭ್ಯಾಸಕ್ಕೆ ಹೇಳಿಮಾಡಿಸಿದವರು. ಅವರ ಬದುಕಿನಲ್ಲಿ ದಾಖಲೆಯೂ ಅಂತೆಕಂತೆಯೂ ಸರಿಸಮ ಪ್ರಮಾಣದಲ್ಲಿ ಬೆರೆತಿವೆ.

ನಿಯಮದ ಹಾಳೆ

ಒಂದು ಹಾಳೆ ತೆಗೆದುಕೊಂಡು ಮೊದಲು ಅಂಕಗಳ ಬೆಲೆ ಬರೆದುಕೊಳ್ಳಿ. ಟಚ್‌ಡೌನ್ ಎಂದರೆ ಚೆಂಡನ್ನು ಎದುರಾಳಿಯ ಗೋಲ್ ಗೆರೆ ದಾಟಿಸುವುದು. ಅದಾದ ಮೇಲೆ ಕಂಬಗಳ ನಡುವೆ ಒದೆಯಲು ಸಿಗುವ ಅವಕಾಶದಿಂದ ಬರುವುದು ಹೆಚ್ಚುವರಿ ಗೋಲ್. ಆಟದ ನಡುವೆಯೇ ಒದ್ದು ಕಂಬಗಳ ನಡುವೆ ಹಾಯಿಸಿದರೆ ಫೀಲ್ಡ್ ಗೋಲ್. ಚೆಂಡು ಹಿಡಿದವನು ತನ್ನದೇ ಗೋಲ್ ಗೆರೆಯ ಹಿಂದೆ ಸಿಕ್ಕಿಬಿದ್ದರೆ ಎದುರಾಳಿಗೆ ಸೇಫ್ಟಿ.

1884ರಿಂದ 1897: ಟಚ್‌ಡೌನ್ 4, ಹೆಚ್ಚುವರಿ ಗೋಲ್ 2, ಫೀಲ್ಡ್ ಗೋಲ್ 5, ಸೇಫ್ಟಿ 2.
1898ರಿಂದ 1903: ಟಚ್‌ಡೌನ್ 5, ಹೆಚ್ಚುವರಿ ಗೋಲ್ 1, ಫೀಲ್ಡ್ ಗೋಲ್ 5, ಸೇಫ್ಟಿ 2.
1904ರಿಂದ 1908: ಫೀಲ್ಡ್ ಗೋಲ್ 4ಕ್ಕೆ ಇಳಿಯಿತು, ಉಳಿದವು ಹಾಗೇ.
1909ರಿಂದ 1911: ಫೀಲ್ಡ್ ಗೋಲ್ 3.
1912ರಿಂದ: ಟಚ್‌ಡೌನ್ 6, ಹೆಚ್ಚುವರಿ ಗೋಲ್ 1, ಫೀಲ್ಡ್ ಗೋಲ್ 3, ಸೇಫ್ಟಿ 2.

ಇದರ ಪಕ್ಕದಲ್ಲಿ ಇನ್ನೊಂದು ಸಾಲು ಎಳೆದು ಡೌನ್ ಲೆಕ್ಕ, ಅಂದರೆ ಚೆಂಡನ್ನು ಮುಂದೊಯ್ಯಲು ಸಿಗುವ ಯತ್ನಗಳ ಲೆಕ್ಕ ಬರೆಯಿರಿ. 1882ರಿಂದ ಮೂರು ಯತ್ನಗಳಲ್ಲಿ 5 ಗಜ ಮುಂದೆ ಹೋಗಬೇಕಿತ್ತು, ಹೋಗದಿದ್ದರೆ ಚೆಂಡು ಎದುರಾಳಿಗೆ. 1906ರಲ್ಲಿ ಅದು ಮೂರು ಯತ್ನಕ್ಕೆ 10 ಗಜವಾಯಿತು. 1912ರಲ್ಲಿ ನಾಲ್ಕು ಯತ್ನ, 10 ಗಜ. ಅದೇ ವರ್ಷ ಅಂಗಳದ ಉದ್ದ 110 ಗಜದಿಂದ 100 ಗಜಕ್ಕೆ ಇಳಿದು, ಎರಡೂ ತುದಿಗೆ 10 ಗಜದ ಎಂಡ್ ಜೋನ್ ಸೇರಿಕೊಂಡಿತು. ಹೀಗಾಗಿ 1895ರ ವರದಿಯಲ್ಲಿ ‘ಐದು ಗಜ ಗಳಿಸಿದರು’ ಎಂದಿದ್ದರೆ ಅದು ಸಣ್ಣ ಸಂಗತಿಯಲ್ಲ, ಆ ಕಾಲಕ್ಕೆ ಪೂರ್ತಿ ಗುರಿ ಮುಟ್ಟಿದಂತೆ. ಇದನ್ನು ಮರೆತವರು ಒಳ್ಳೆಯ ಓಟವನ್ನು ಕಳಪೆ ಓಟ ಎಂದು ಬರೆದುಬಿಡುತ್ತಾರೆ.

ಅವಧಿಗೆ ಮೂರನೇ ಸಾಲು. ಮೊದಲು 45 ನಿಮಿಷದ ಎರಡು ಅರ್ಧಗಳಿದ್ದವು. 1894ರಲ್ಲಿ 35 ನಿಮಿಷ, 1906ರಲ್ಲಿ 30 ನಿಮಿಷ, 1910ರಲ್ಲಿ 15 ನಿಮಿಷದ ನಾಲ್ಕು ಕ್ವಾರ್ಟರ್‌ಗಳು. ಇವು ಪುಸ್ತಕದ ನಿಯಮಗಳು ಮಾತ್ರ. ರೈಲಿನ ಸಮಯ, ಕತ್ತಲು, ಏಕಪಕ್ಷೀಯ ಅಂಕ ಇವುಗಳಿಂದಾಗಿ ಎರಡೂ ಕಡೆಯವರು ಮಾತಾಡಿಕೊಂಡು ಆಟವನ್ನು ಮೊಟಕು ಮಾಡುವುದು ಮಾಮೂಲಾಗಿತ್ತು. ಆದ್ದರಿಂದ ‘ಪಂದ್ಯ 70 ನಿಮಿಷ ನಡೆಯಿತು’ ಎಂದು ನಿಯಮ ನೋಡಿ ಬರೆಯಬೇಡಿ. ವರದಿಯಲ್ಲಿ ಅವಧಿ ಕೊಟ್ಟಿದ್ದರೆ ಮಾತ್ರ ಬರೆಯಿರಿ.

ನಾಲ್ಕನೆಯದು ಫಾರ್ವರ್ಡ್ ಪಾಸ್, ಅಂದರೆ ಚೆಂಡನ್ನು ಮುಂದಕ್ಕೆ ಎಸೆಯುವುದು. 1906ಕ್ಕೆ ಮೊದಲು ಅದು ನಿಷಿದ್ಧ. ಅನುಮತಿ ಸಿಕ್ಕ ಮೊದಲ ವರ್ಷಗಳಲ್ಲೂ ಕಟ್ಟುಪಾಡು ಬಿಗಿಯಾಗಿತ್ತು: ಎಸೆದ ಚೆಂಡನ್ನು ಯಾರೂ ಮುಟ್ಟದೆ ನೆಲಕ್ಕೆ ಬಿದ್ದರೆ ಅದು ಎದುರಾಳಿಯ ಪಾಲು. 1910ರಿಂದ 20 ಗಜಕ್ಕಿಂತ ದೂರ ಎಸೆಯುವಂತಿರಲಿಲ್ಲ, 1912ರಲ್ಲಿ ಆ ಮಿತಿ ಹೋಯಿತು. 1906ರ ನಂತರವೂ ಬಹಳ ತಂಡಗಳು ಎಸೆಯಲು ಹಿಂಜರಿದದ್ದು ಏಕೆ ಎಂಬ ಪ್ರಶ್ನೆಗೆ ಉತ್ತರ ಈ ಒಂದು ಸಾಲಿನಲ್ಲೇ ಇದೆ.

ಅಂಕ ತಾಳೆ ಹಾಕುವುದು

ಹಾಳೆ ಸಿದ್ಧವಾದ ಮೇಲೆ ಪ್ರತಿ ಮುಖ್ಯ ಪಂದ್ಯದ ಅಂಕವನ್ನು ಬಿಡಿಸಿ ನೋಡಿ. ಇದು ಈ ಕೆಲಸದಲ್ಲಿ ಅತ್ಯಂತ ಉಪಯುಕ್ತ ಅಭ್ಯಾಸ, ಸಮಯವೂ ಹೆಚ್ಚು ಹಿಡಿಯುವುದಿಲ್ಲ.

ಎಲ್ಲರಿಗೂ ಗೊತ್ತಿರುವ ಪಂದ್ಯದಿಂದಲೇ ಆರಂಭಿಸಿ: 1916ರ ಅಕ್ಟೋಬರ್ 7, ಅಟ್ಲಾಂಟಾ, ಹೈಸ್‌ಮನ್ ಅವರ ಜಾರ್ಜಿಯಾ ಟೆಕ್ 222, ಕಂಬರ್ಲೆಂಡ್ ಕಾಲೇಜು 0. ಕ್ವಾರ್ಟರ್‌ವಾರು ಅಂಕ 63, 63, 54, 42. ಕೂಡಿದರೆ 222. ಟಚ್‌ಡೌನ್‌ಗಳು 32. ಒಂದಕ್ಕೆ 6ರಂತೆ 192, ಉಳಿದ 30 ಹೆಚ್ಚುವರಿ ಗೋಲ್‌ಗಳು. ಕ್ವಾರ್ಟರ್‌ವಾರು ನೋಡಿದರೆ 9, 9, 8, 6 ಟಚ್‌ಡೌನ್. ಮೂರನೇ ಕ್ವಾರ್ಟರ್‌ನಲ್ಲಿ ಎರಡು ಒದೆತ ತಪ್ಪಿದ್ದರಿಂದಲೇ 56ರ ಬದಲು 54. ಎಲ್ಲವೂ ಹೊಂದಿಕೊಂಡಿತು. ಇನ್ನು 32 ಟಚ್‌ಡೌನ್ ಎಂಬ ಮಾತನ್ನು ನಿಶ್ಚಿಂತೆಯಿಂದ ಬರೆಯಬಹುದು. ಇದೇ ಪಂದ್ಯದಲ್ಲಿ ಟೆಕ್ ಎಷ್ಟು ಗಜ ಓಡಿತು, ಕಂಬರ್ಲೆಂಡ್‌ನಿಂದ ಎಷ್ಟು ಮಂದಿ ಬಂದಿದ್ದರು ಎಂಬ ಸಂಖ್ಯೆಗಳು ಮಾತ್ರ ಒಂದೊಂದು ಕಡೆ ಒಂದೊಂದು ರೀತಿ ಇವೆ. ಅವನ್ನು ತಾಳೆ ಹಾಕಲು ದಾರಿಯಿಲ್ಲ, ಬಿಟ್ಟುಬಿಡಿ.

ಈಗ 1892ರ ನವೆಂಬರ್ 19, ಆನ್ ಆರ್ಬರ್. ಹೈಸ್‌ಮನ್ ಅವರ ಮೊದಲ ತಂಡ ಓಬರ್ಲಿನ್, ಎದುರಿಗೆ ಮಿಶಿಗನ್. ಓಬರ್ಲಿನ್ ಲೆಕ್ಕದಲ್ಲಿ ಪಂದ್ಯ 24–22ರಿಂದ ತಮ್ಮದು. ಮಿಶಿಗನ್ ಲೆಕ್ಕದಲ್ಲಿ 26–24ರಿಂದ ತಮ್ಮದು. ಇಂದಿನ ಅಂಕ ಪದ್ಧತಿ ಹಿಡಿದು ನೋಡಿದರೆ 22ರಿಂದ 26ಕ್ಕೆ ಜಿಗಿತ ಅರ್ಥವಾಗುವುದೇ ಇಲ್ಲ. ನಿಯಮದ ಹಾಳೆ ತೆರೆಯಿರಿ: ಆಗ ಟಚ್‌ಡೌನ್‌ಗೆ 4. ಅಂದರೆ ಮಿಶಿಗನ್ ಕೊನೆಗೆ ಒಂದು ಟಚ್‌ಡೌನ್ ಹೊಡೆಯಿತು, ಹೆಚ್ಚುವರಿ ಗೋಲ್ ಇಲ್ಲ. ನಡೆದದ್ದೂ ಹಾಗೆಯೇ. ಓಬರ್ಲಿನ್ ತಂಡ ರೈಲು ಹಿಡಿಯಬೇಕಿತ್ತು, ಸಂಜೆ 4:50ಕ್ಕೆ ಆಟ ನಿಲ್ಲಿಸುವ ಮಾತಾಗಿತ್ತು. ಓಬರ್ಲಿನ್ ಕಡೆಯ ರೆಫರಿ ಹೊತ್ತಾಯಿತು ಎಂದರು, ತಂಡ ಅಂಗಳ ಬಿಟ್ಟಿತು. ಮಿಶಿಗನ್ ಕಡೆಯ ಅಂಪೈರ್ ಇನ್ನೂ ನಾಲ್ಕು ನಿಮಿಷ ಇದೆ ಎಂದರು, ತಡೆಯುವವರಿಲ್ಲದ ಅಂಗಳದಲ್ಲಿ ಮಿಶಿಗನ್ ಆಟಗಾರರು ಚೆಂಡನ್ನು ಗೆರೆ ದಾಟಿಸಿದರು. ಇಂದಿಗೂ ಎರಡೂ ಕಾಲೇಜುಗಳ ದಾಖಲೆ ಬೇರೆ ಬೇರೆ. ನೀವು ತೀರ್ಪು ಕೊಡಬೇಕಿಲ್ಲ. ಎರಡೂ ಅಂಕ ಬರೆದು, ವ್ಯತ್ಯಾಸದ ಕಾರಣವನ್ನು ಒಂದು ವಾಕ್ಯದಲ್ಲಿ ಹೇಳಿ. ಆದರೆ ಇದಕ್ಕೆ ಇನ್ನೊಂದು ಪರಿಣಾಮವಿದೆ. 1892ರಲ್ಲಿ ಓಬರ್ಲಿನ್ 7–0 ಎಂದು ಬರೆದ ಕ್ಷಣ ನೀವು ಓಬರ್ಲಿನ್ ಲೆಕ್ಕ ಒಪ್ಪಿಕೊಂಡಂತಾಯಿತು. ಅದನ್ನು ಅಲ್ಲೇ ತಿಳಿಸಿಬಿಡಿ.

ಇನ್ನು ಕೆಲವು ಸುಲಭದವು. 1895ರಲ್ಲಿ ವ್ಯಾಂಡರ್‌ಬಿಲ್ಟ್ 9, ಹೈಸ್‌ಮನ್ ಅವರ ಆಬರ್ನ್ 6: ಆಬರ್ನ್‌ನ 6 ಎಂದರೆ ಒಂದು ಟಚ್‌ಡೌನ್, ಅದರ ಗೋಲ್ (4+2). ವ್ಯಾಂಡರ್‌ಬಿಲ್ಟ್‌ನ 9 ಎಂದರೆ ಒಂದು ಟಚ್‌ಡೌನ್, ಒಂದು ಫೀಲ್ಡ್ ಗೋಲ್ (4+5). ಆಟಗಾರನ ಅಂಗಿಯೊಳಗೆ ಚೆಂಡು ಬಚ್ಚಿಟ್ಟು ಓಡಿದ ಆಬರ್ನ್‌ನ ಪ್ರಸಿದ್ಧ ತಂತ್ರ ಇದೇ ಪಂದ್ಯದ್ದು. ತಂತ್ರ ಫಲಿಸಿತು, ಪಂದ್ಯ ಮಾತ್ರ ಸೋತರು. ಈ ಎರಡನೇ ಭಾಗವನ್ನು ಬರೆಯಲು ಬಹಳ ಜನ ಮರೆಯುತ್ತಾರೆ. 1903ರ ನವೆಂಬರ್ 26ರಂದು ಕ್ಲೆಮ್ಸನ್, ಕಂಬರ್ಲೆಂಡ್ 11–11ರಲ್ಲಿ ಸಮ ಮಾಡಿಕೊಂಡವು. 5+1+5, ಎರಡೂ ಕಡೆ ಸರಿಹೋಗುತ್ತದೆ. ಆ ದಿನ ಹೈಸ್‌ಮನ್ ಅವರ ತಂಡಕ್ಕೆ ಸರಿಸಾಟಿಯಾಗಿ ನಿಂತ ಅದೇ ಕಾಲೇಜು 13 ವರ್ಷಗಳ ನಂತರ 222 ಅಂಕಗಳಿಗೆ ಬಲಿಯಾಯಿತು. 1916ರ ಕಂಬರ್ಲೆಂಡನ್ನು ಮೊದಲಿನಿಂದಲೂ ಲೆಕ್ಕಕ್ಕಿಲ್ಲದ ತಂಡ ಎಂದು ಚಿತ್ರಿಸಿದರೆ ಅನ್ಯಾಯವಾಗುತ್ತದೆ.

ಎಲ್ಲ ಅಂಕವೂ ಹೀಗೆ ಬಾಯಿಬಿಡುವುದಿಲ್ಲ. 1903ರಲ್ಲಿ ಕ್ಲೆಮ್ಸನ್ ಜಾರ್ಜಿಯಾ ಟೆಕ್ ತಂಡವನ್ನು 73–0ರಿಂದ ಸೋಲಿಸಿತು. 73 ಬರಲು 13 ಟಚ್‌ಡೌನ್ ಮತ್ತು 8 ಗೋಲ್ ಸಾಕು. 12 ಟಚ್‌ಡೌನ್, 11 ಗೋಲ್, ಒಂದು ಸೇಫ್ಟಿ ಇದ್ದರೂ 73ಯೇ. ಇಂಥ ಕಡೆ ವರದಿ ಓದದೆ ಟಚ್‌ಡೌನ್ ಸಂಖ್ಯೆ ಬರೆಯಬೇಡಿ. 1883ಕ್ಕೆ ಹಿಂದಿನ ಅಂಕವನ್ನಂತೂ ಬಿಡಿಸಲು ಹೋಗಬೇಡಿ. 1869ರ ನವೆಂಬರ್ 6ರ ರಟ್ಗರ್ಸ್–ಪ್ರಿನ್ಸ್‌ಟನ್ ಪಂದ್ಯದ 6–4 ಎಂಬುದು ಗೋಲ್‌ಗಳ ಎಣಿಕೆ, ತಂಡಕ್ಕೆ 25 ಮಂದಿ ಆಡಿದ ಆ ಆಟ ಇಂದಿನ ಸಾಕರ್‌ಗೆ ಹೆಚ್ಚು ಹತ್ತಿರ. ಹೈಸ್‌ಮನ್ ಹುಟ್ಟಿದ್ದು ಅದಕ್ಕೆ ಸರಿಯಾಗಿ ಎರಡು ವಾರ ಮೊದಲು, 1869ರ ಅಕ್ಟೋಬರ್ 23ರಂದು.

ವರ್ಷ, ಕಾಲೇಜು, ಮೊತ್ತ

ತರಬೇತುದಾರರಾಗಿ ಅವರ ಪಯಣ ಹೀಗಿದೆ. ಓಬರ್ಲಿನ್ 1892, ಮತ್ತೆ 1894 (ಎರಡೂ ಸೇರಿ 11 ಗೆಲುವು, 3 ಸೋಲು, 1 ಸಮ). ಆಕ್ರನ್ ಊರಿನ ಬಕ್‌ಟೆಲ್ ಕಾಲೇಜು 1893 (5–2), ಜೊತೆಗೆ 1894ರಲ್ಲಿ ಗೆದ್ದ ಒಂದೇ ಒಂದು ಪಂದ್ಯ. ಆಬರ್ನ್ 1895ರಿಂದ 1899 (12–4–2). ಕ್ಲೆಮ್ಸನ್ 1900ರಿಂದ 1903 (19–3–2). ಜಾರ್ಜಿಯಾ ಟೆಕ್ 1904ರಿಂದ 1919 (102–29–7). ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯ 1920ರಿಂದ 1922 (16–10–2). ವಾಷಿಂಗ್ಟನ್ ಅಂಡ್ ಜೆಫರ್ಸನ್ 1923 (6–1–1). ಹ್ಯೂಸ್ಟನ್‌ನ ರೈಸ್ 1924ರಿಂದ 1927 (14–18–3).

ಕೂಡಿ ನೋಡಿ: 186 ಗೆಲುವು, 70 ಸೋಲು, 18 ಸಮ. ಕೆಲವು ಕಡೆ ಗೆಲುವು 185 ಎಂದು ಸಿಗುತ್ತದೆ. 1894ರ ಬಕ್‌ಟೆಲ್ ಪಂದ್ಯ ಬಿಟ್ಟರೆ ಲೆಕ್ಕ ಅಲ್ಲಿಗೇ ಬರುತ್ತದೆ. ಮೊತ್ತವನ್ನು ಎಲ್ಲಿಂದಲೋ ಎತ್ತಿ ಬರೆಯುವ ಬದಲು ಬಿಡಿ ಲೆಕ್ಕ ಹಾಕಿ ನೀವೇ ಕೂಡಿ. ಒಂದು ವರ್ಷ ತಪ್ಪಿದರೆ ಅಲ್ಲೇ ಗೊತ್ತಾಗುತ್ತದೆ. ಅಂಕಿಗಳ ಅನುಕ್ರಮ ಗೆಲುವು–ಸೋಲು–ಸಮ ಎಂದು ಒಮ್ಮೆ ಓದುಗರಿಗೆ ಹೇಳಿಬಿಡಿ. ಕ್ರಿಕೆಟ್ ಓದಿದ ಕಣ್ಣಿಗೆ 19–3–2 ತಾನಾಗಿ ಅರ್ಥವಾಗುವುದಿಲ್ಲ.

ಕಾಲೇಜುಗಳ ಹೆಸರಿನಲ್ಲಿ ಎಡವುವವರು ಹೆಚ್ಚು. ಬಕ್‌ಟೆಲ್ ಈಗ ಆಕ್ರನ್ ವಿಶ್ವವಿದ್ಯಾಲಯ. ಹೈಸ್‌ಮನ್ ಹೋದಾಗ ಆಬರ್ನ್‌ನ ಅಧಿಕೃತ ಹೆಸರು ಅಲಬಾಮಾದ ಕೃಷಿ ಮತ್ತು ಯಾಂತ್ರಿಕ ಕಾಲೇಜು, ಆಬರ್ನ್ ಎಂಬುದು ಊರಿನ ಹೆಸರು. ಜಾರ್ಜಿಯಾ ಟೆಕ್ ಆಗ ‘ಸ್ಕೂಲ್ ಆಫ್ ಟೆಕ್ನಾಲಜಿ’. ಮೊದಲ ಸಲ ಹಳೆಯ ಹೆಸರು ಕೊಟ್ಟು, ‘ಇಂದಿನ ಇಂಥದ್ದು’ ಎಂದು ಸೇರಿಸಿ, ಮುಂದೆ ಒಂದೇ ಹೆಸರು ಬಳಸಿ. ಎಲ್ಲಕ್ಕಿಂತ ದೊಡ್ಡ ಗುಂಡಿ ‘ಪೆನ್’. ಅದು ಫಿಲಡೆಲ್ಫಿಯಾದ ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯ. ಪೆನ್ ಸ್ಟೇಟ್ ಬೇರೆಯದೇ ಸಂಸ್ಥೆ. ಹೈಸ್‌ಮನ್ ಬ್ರೌನ್ ವಿಶ್ವವಿದ್ಯಾಲಯದಲ್ಲಿ ಎರಡು ವರ್ಷ ಓದಿ, 1889ರಲ್ಲಿ ಪೆನ್‌ಗೆ ಸೇರಿ ಅಲ್ಲಿ 1891ರವರೆಗೆ ಆಡಿ, 1892ರಲ್ಲಿ ಕಾನೂನು ಪದವಿ ಪಡೆದರು. 1920ರಲ್ಲಿ ಮರಳಿದ್ದೂ ಇದೇ ಪೆನ್‌ಗೆ.

ಆಟಗಾರ–ತರಬೇತುದಾರ ಎಂಬ ಗೆರೆಯೂ ಆಗ ಮಸುಕಾಗಿತ್ತು. 1892ರಲ್ಲಿ ಓಬರ್ಲಿನ್‌ಗೆ ಹೈಸ್‌ಮನ್ ತರಬೇತುದಾರರೂ ಹೌದು, ಅಂಗಳಕ್ಕಿಳಿದ ಆಟಗಾರರೂ ಹೌದು. ಅರ್ಹತೆಯ ನಿಯಮಗಳು ಸಡಿಲವಾಗಿದ್ದ ಕಾಲ ಅದು. ತಂಡದ ಪಟ್ಟಿಯಲ್ಲಿ ಅವರ ಹೆಸರು ಕಂಡರೆ ಮುದ್ರಣದೋಷ ಎಂದು ಹೊಡೆದುಹಾಕಬೇಡಿ. 5 ಅಡಿ 8 ಅಂಗುಲ ಎತ್ತರ, ಸುಮಾರು 158 ಪೌಂಡ್ (72 ಕಿಲೊ) ತೂಕದವರು ಪೆನ್‌ನ ಮುಂಚೂಣಿ ಸಾಲಿನಲ್ಲಿ ನಿಂತು ಆಡಿದ್ದರು ಎಂಬುದನ್ನು ತಪ್ಪದೆ ಬರೆಯಿರಿ. ತಮಗಿಂತ ದೊಡ್ಡವರನ್ನು ಎದುರಿಸಲು ಬಲದ ಬದಲು ವೇಗವನ್ನೂ ಲೆಕ್ಕಾಚಾರವನ್ನೂ ನಂಬಿದ ಮುಂದಿನ ಹೈಸ್‌ಮನ್ ಅವರನ್ನು ಅರ್ಥಮಾಡಿಕೊಳ್ಳಲು ಈ ಅಳತೆ ಬೇಕು.

ಪತ್ರಿಕೆ ಓದುವಾಗ

ಅಮೆರಿಕದ ಲೈಬ್ರರಿ ಆಫ್ ಕಾಂಗ್ರೆಸ್ ಹಳೆಯ ಪತ್ರಿಕೆಗಳನ್ನು ಉಚಿತವಾಗಿ ಜಾಲದಲ್ಲಿ ಇಟ್ಟಿದೆ, ಕಾಲೇಜುಗಳ ವಾರ್ಷಿಕ ಸಂಚಿಕೆಗಳೂ ಬಹಳಷ್ಟು ಸಿಗುತ್ತವೆ. ಬೆಂಗಳೂರಿನಲ್ಲೋ ಹುಬ್ಬಳ್ಳಿಯಲ್ಲೋ ಕೂತು ಈ ಕೆಲಸದ ಮುಕ್ಕಾಲು ಪಾಲು ಮುಗಿಸಬಹುದು. ಹುಡುಕುವಾಗ ಹೆಸರಿನ ಒಂದೇ ಕಾಗುಣಿತ ನಂಬಬೇಡಿ. ಯಂತ್ರ ಓದಿದ ಹಳೆಯ ಅಚ್ಚಿನಲ್ಲಿ ಅಕ್ಷರಗಳು ಅದಲುಬದಲಾಗಿರುತ್ತವೆ. ಎದುರಾಳಿ ಕಾಲೇಜಿನ ಹೆಸರು, ದಿನಾಂಕ ಹಾಕಿ ಹುಡುಕಿದರೆ ಹೆಚ್ಚು ಸಿಗುತ್ತದೆ.

ಪ್ರತಿ ದಿನಾಂಕಕ್ಕೂ ವಾರ ಯಾವುದು ನೋಡಿ. 1916ರ ಅಕ್ಟೋಬರ್ 7 ಶನಿವಾರ, 1892ರ ನವೆಂಬರ್ 19 ಶನಿವಾರ, 1903ರ ನವೆಂಬರ್ 26 ಥ್ಯಾಂಕ್ಸ್‌ಗಿವಿಂಗ್ ಹಬ್ಬದ ಗುರುವಾರ. ಕಾಲೇಜು ಪಂದ್ಯಗಳು ಹೆಚ್ಚಾಗಿ ನಡೆದದ್ದು ಇವೇ ದಿನಗಳಲ್ಲಿ. ನಿಮ್ಮ ಪಂದ್ಯ ಭಾನುವಾರಕ್ಕೆ ಬಿದ್ದರೆ ನೀವು ಬಹುಶಃ ಪತ್ರಿಕೆಯ ದಿನಾಂಕವನ್ನು ಪಂದ್ಯದ ದಿನಾಂಕ ಎಂದುಕೊಂಡಿದ್ದೀರಿ.

ಒಂದೇ ಪಂದ್ಯಕ್ಕೆ ಎರಡೂ ಊರಿನ ಪತ್ರಿಕೆ ಓದಿ. ಆನ್ ಆರ್ಬರ್ ಪ್ರಕರಣದಂತೆ ರೆಫರಿ ಒಂದು ಕಡೆಯವರು, ಅಂಪೈರ್ ಇನ್ನೊಂದು ಕಡೆಯವರು ಆಗಿರುತ್ತಿದ್ದ ಕಾಲದಲ್ಲಿ ಒಂದೇ ಊರಿನ ವರದಿ ಅರ್ಧ ಸತ್ಯ.

‘ಮೊದಲಿಗರು’ ಎಂಬ ಮಾತು

ಹೈಸ್‌ಮನ್ ಜೀವನಚರಿತ್ರೆಗಳು ಹೆಚ್ಚು ಕೆಡುವುದು ಇಲ್ಲಿ. ಮುಂಚೂಣಿ ಸಾಲಿನ ನಡುವೆ ನಿಲ್ಲುವ ಸೆಂಟರ್ ಆಟಗಾರ ಚೆಂಡನ್ನು ಹಿಂದಕ್ಕೆ ಎಸೆದುಕೊಡುವ ಪದ್ಧತಿ (ಸ್ನ್ಯಾಪ್), ಅದಕ್ಕೆ ಸೂಚನೆಯಾದ ‘ಹೈಕ್’ ಎಂಬ ಕೂಗು, ಪಂದ್ಯವನ್ನು ನಾಲ್ಕು ಕ್ವಾರ್ಟರ್ ಮಾಡುವುದು, ಡೌನ್ ತೋರಿಸುವ ಅಂಕಫಲಕ, ಫಾರ್ವರ್ಡ್ ಪಾಸ್, ಎಲ್ಲವನ್ನೂ ಒಬ್ಬರ ಹೆಗಲಿಗೇ ಏರಿಸುವ ಚಾಳಿ ಇದೆ. ಪ್ರತಿಯೊಂದಕ್ಕೂ ಮೂರು ಪ್ರಶ್ನೆ ಕೇಳಿ: ಅವರು ಅದನ್ನು ಬಳಸಿದ್ದಕ್ಕೆ ಸಾಕ್ಷಿಯಿದೆಯೇ? ಬೇರೆಯವರು ಅದೇ ಹೊತ್ತಿಗೆ ಬಳಸುತ್ತಿದ್ದರೇ? ಈ ಮಾತನ್ನು ಮೊದಲು ಹೇಳಿದವರು ಯಾರು?

ಸೆಂಟರ್ ಸ್ನ್ಯಾಪ್ ತೆಗೆದುಕೊಳ್ಳಿ. ಆಗ ಸೆಂಟರ್ ಚೆಂಡನ್ನು ನೆಲದ ಮೇಲೆ ಹಿಂದಕ್ಕೆ ಉರುಳಿಸುತ್ತಿದ್ದ ಅಥವಾ ಹಿಮ್ಮಡಿಯಿಂದ ತಳ್ಳುತ್ತಿದ್ದ. ಹಿಂದೆ ನಿಂತು ಆ ಚೆಂಡನ್ನು ಪಡೆಯಬೇಕಿದ್ದ ಬಕ್‌ಟೆಲ್‌ನ ಕ್ವಾರ್ಟರ್‌ಬ್ಯಾಕ್ 6 ಅಡಿ 4 ಅಂಗುಲದ ಎತ್ತರದವನು, ಬಗ್ಗಿ ಚೆಂಡು ಎತ್ತಿಕೊಳ್ಳುವುದು ಅವನಿಗೆ ಕಷ್ಟ. ಅದಕ್ಕೆ ಹೈಸ್‌ಮನ್ ಕೈಗೇ ಎಸೆದುಕೊಡಿ ಎಂದರು. ಇಲ್ಲಿ ಕಾರಣ ಸ್ಪಷ್ಟವಿದೆ, ಹೇಳಲು ಸಂಗತಿಯಿದೆ. ‘ಸ್ನ್ಯಾಪ್‌ನ ಜನಕ’ ಎಂಬ ಬಿರುದಿಗಿಂತ ಈ ಎತ್ತರದ ಹುಡುಗನ ತೊಂದರೆ ಓದುಗರಿಗೆ ಹೆಚ್ಚು ತಿಳಿಸುತ್ತದೆ.

ಫಾರ್ವರ್ಡ್ ಪಾಸ್ ಕಥೆಯನ್ನು ಇನ್ನಷ್ಟು ಎಚ್ಚರದಿಂದ ಬಿಡಿಸಬೇಕು. 1895ರ ಅಕ್ಟೋಬರ್ 26ರಂದು ಅಟ್ಲಾಂಟಾದಲ್ಲಿ ನಾರ್ತ್ ಕ್ಯಾರೊಲಿನಾ, ಜಾರ್ಜಿಯಾ ತಂಡಗಳ ಪಂದ್ಯ. ಆಬರ್ನ್ ತರಬೇತುದಾರರಾಗಿದ್ದ ಹೈಸ್‌ಮನ್ ಪ್ರೇಕ್ಷಕರಾಗಿ ಬಂದಿದ್ದರು. ಒದೆಯಲು ನಿಂತಿದ್ದ ನಾರ್ತ್ ಕ್ಯಾರೊಲಿನಾ ಆಟಗಾರ ಎದುರಾಳಿಗಳು ಮೈಮೇಲೆ ಬಂದಾಗ ದಿಕ್ಕುತೋಚದೆ ಚೆಂಡನ್ನು ಮುಂದಕ್ಕೆ ಎಸೆದುಬಿಟ್ಟ, ಜೊತೆಗಾರ ಹಿಡಿದು ಓಡಿ ಟಚ್‌ಡೌನ್ ಮಾಡಿದ. ಜಾರ್ಜಿಯಾದ ತರಬೇತುದಾರ ಪಾಪ್ ವಾರ್ನರ್ ಪ್ರತಿಭಟಿಸಿದರು, ರೆಫರಿ ತಾನು ಎಸೆತ ನೋಡಲಿಲ್ಲ ಎಂದರು. ನಾರ್ತ್ ಕ್ಯಾರೊಲಿನಾ 6–0ರಿಂದ ಗೆದ್ದಿತು. ಈ ಕಥೆ ನಮಗೆ ಮುಖ್ಯವಾಗಿ ಬಂದಿರುವುದು ಹೈಸ್‌ಮನ್ ಅವರೇ ದಶಕಗಳ ನಂತರ ಬರೆದ ನೆನಪಿನಿಂದ. ಆದ್ದರಿಂದ ‘ಹೈಸ್‌ಮನ್ ನೆನೆದಂತೆ’ ಎಂದು ಬರೆಯಿರಿ. ಎಸೆತಕ್ಕೆ ಅನುಮತಿ ಕೊಡಿ ಎಂದು ಅವರು ನಿಯಮ ಸಮಿತಿಯ ಹಿರಿಯ ವಾಲ್ಟರ್ ಕ್ಯಾಂಪ್ ಅವರನ್ನು ಒತ್ತಾಯಿಸಿದ್ದು ನಿಜ. ಆದರೆ 1906ರಲ್ಲಿ ಬಾಗಿಲು ತೆರೆದದ್ದಕ್ಕೆ ಹಿಂದಿನ ವರ್ಷದ ಸಾವುನೋವುಗಳೇ ಬಲವಾದ ಕಾರಣ. 1905ರಲ್ಲಿ ಫುಟ್‌ಬಾಲ್‌ನಿಂದ 18 ಮಂದಿ ಸತ್ತರೆಂದು ಚಿಕಾಗೊ ಟ್ರಿಬ್ಯೂನ್ ಲೆಕ್ಕ ಹಾಕಿತು. ಅಧ್ಯಕ್ಷ ಥಿಯೋಡೋರ್ ರೂಸ್‌ವೆಲ್ಟ್ ಆ ಅಕ್ಟೋಬರ್‌ನಲ್ಲಿ ಹಾರ್ವರ್ಡ್, ಯೇಲ್, ಪ್ರಿನ್ಸ್‌ಟನ್ ಪ್ರತಿನಿಧಿಗಳನ್ನು ಶ್ವೇತಭವನಕ್ಕೆ ಕರೆಸಿದ್ದರು. ಒತ್ತಾಯಿಸಿದವರಲ್ಲಿ ಹೈಸ್‌ಮನ್ ಒಬ್ಬರು ಎಂದರೆ ಸರಿ. ಅವರೇ ತಂದರು ಎಂದರೆ ತಪ್ಪು. ನಿಯಮಬದ್ಧ ಮೊದಲ ಎಸೆತವಂತೂ 1906ರ ಸೆಪ್ಟೆಂಬರ್ 5ರಂದು ಸೇಂಟ್ ಲೂಯಿಸ್ ವಿಶ್ವವಿದ್ಯಾಲಯದ ಬ್ರಾಡ್‌ಬರಿ ರಾಬಿನ್ಸನ್ ಅವರದು.

ಅಂಗಳದಾಚೆ

ಟೈಟಸ್‌ವಿಲ್ ಬಗ್ಗೆ ಎರಡು ಸಾಲು ಸಾಕು, ಆದರೆ ಆ ಎರಡು ಸಾಲು ಬೇಕು. ಕ್ಲೀವ್‌ಲ್ಯಾಂಡ್‌ನಲ್ಲಿ ಹುಟ್ಟಿದ ಹೈಸ್‌ಮನ್ ಬೆಳೆದದ್ದು ಪೆನ್ಸಿಲ್ವೇನಿಯಾದ ಈ ಎಣ್ಣೆಯೂರಿನಲ್ಲಿ. 1859ರಲ್ಲಿ ಎಡ್ವಿನ್ ಡ್ರೇಕ್ ಎಂಬವರು ತೈಲಬಾವಿ ಕೊರೆದದ್ದು ಇದರ ಮಗ್ಗುಲಲ್ಲೇ. ತಂದೆ ಎಣ್ಣೆಗೆ ಮರದ ಪೀಪಾಯಿ ಮಾಡುವವರು. ವಂಶ ಯಾವುದೋ ಜರ್ಮನ್ ಶ್ರೀಮಂತ ಮನೆತನದ್ದು ಎಂಬ ಕುಟುಂಬದ ಮಾತನ್ನು ಕುಟುಂಬದ ಮಾತೆಂದೇ ಇಡಿ.

ಕಾನೂನು ಓದಿದವರು ವಕೀಲರಾಗದೆ ತರಬೇತುದಾರರಾದದ್ದಕ್ಕೆ ಕಣ್ಣಿನ ತೊಂದರೆ ಕಾರಣ ಎನ್ನುತ್ತಾರೆ. ನ್ಯೂಯಾರ್ಕ್‌ನ ಮ್ಯಾಡಿಸನ್ ಸ್ಕ್ವೇರ್ ಗಾರ್ಡನ್‌ನಲ್ಲಿ ಆಡಿದಾಗ ಅಲ್ಲಿನ ವಿದ್ಯುದ್ದೀಪಗಳಿಂದ ಕಣ್ಣು ಕೆಟ್ಟಿತು ಎಂಬುದು ಕಥೆ. ‘ಎನ್ನುತ್ತಾರೆ’ ಎಂಬ ಪದ ಇಲ್ಲಿ ಇರಲೇಬೇಕು.

ಹೈಸ್‌ಮನ್ ನಟರೂ ಆಗಿದ್ದರು. ಬೇಸಿಗೆಯಲ್ಲಿ ನಾಟಕ ಕಂಪನಿಗಳ ಜೊತೆ ಆಡುತ್ತಿದ್ದರು. ಮೊದಲ ಪತ್ನಿ ಎವೆಲಿನ್ ಮೆಕಾಲಮ್ ಕಾಕ್ಸ್ ಕೂಡ ನಟಿ. ತಂಡದ ಮುಂದೆ ಅವರು ಮಾಡುತ್ತಿದ್ದ ನಾಟಕೀಯ ಭಾಷಣಗಳ ಬಗ್ಗೆ ಬರೆಯುವ ಮೊದಲು ಈ ರಂಗಭೂಮಿಯ ನಂಟನ್ನು ಹೇಳಿ, ಇಲ್ಲದಿದ್ದರೆ ಆ ಭಾಷಣಗಳು ಬರೀ ವಿಚಿತ್ರವಾಗಿ ಕಾಣುತ್ತವೆ. 1919ರಲ್ಲಿ ದಂಪತಿ ಬೇರೆಯಾದರು. ಇಬ್ಬರೂ ಒಂದೇ ಊರಿನಲ್ಲಿ ಇರುವುದು ಬೇಡ ಎಂದು ಒಪ್ಪಿಕೊಂಡು, ಊರು ಆರಿಸುವ ಹಕ್ಕನ್ನು ಅವರು ಎವೆಲಿನ್ ಅವರಿಗೆ ಬಿಟ್ಟರು. ಆಕೆ ಅಟ್ಲಾಂಟಾ ಆರಿಸಿಕೊಂಡರು. ಹೈಸ್‌ಮನ್ 16 ವರ್ಷದ ಜಾರ್ಜಿಯಾ ಟೆಕ್ ಬಿಟ್ಟು ಪೆನ್‌ಗೆ ಹೋದದ್ದು ಹೀಗೆ. ಆಟದ ಪುಟಗಳಲ್ಲೇ ಕಾರಣ ಹುಡುಕಿದವರಿಗೆ ಇದು ಸಿಗುವುದಿಲ್ಲ.

ಹಣದ ಲೆಕ್ಕವನ್ನೂ ಬಿಡಬೇಡಿ. ಜಾರ್ಜಿಯಾ ಟೆಕ್ ಅವರಿಗೆ ಕೊಟ್ಟದ್ದು ವರ್ಷಕ್ಕೆ 2,250 ಡಾಲರ್, ಜೊತೆಗೆ ಟಿಕೆಟ್ ವಸೂಲಿಯ ಶೇ. 30. ಕಂಬರ್ಲೆಂಡ್ ಪ್ರಕರಣದ ಬೇರೂ ಹಣದಲ್ಲಿದೆ. ಆ ವರ್ಷ ಫುಟ್‌ಬಾಲ್ ನಿಲ್ಲಿಸಿದ್ದ ಕಾಲೇಜಿಗೆ ಪಂದ್ಯ ತಪ್ಪಿಸಿದರೆ 3,000 ಡಾಲರ್ ದಂಡದ ಕರಾರಿತ್ತು, ಬಂದರೆ 500 ಡಾಲರ್ ಕೊಡುವುದಾಗಿ ಹೈಸ್‌ಮನ್ ಹೇಳಿದರು. ಅದೇ ವರ್ಷ ಬೇಸ್‌ಬಾಲ್‌ನಲ್ಲಿ ಕಂಬರ್ಲೆಂಡ್ ಟೆಕ್ ತಂಡವನ್ನು 22–0ರಿಂದ ಸೋಲಿಸಿತ್ತು, ಆ ಬೇಸ್‌ಬಾಲ್ ತಂಡಕ್ಕೂ ಹೈಸ್‌ಮನ್ ಅವರೇ ತರಬೇತುದಾರರು.

ಮುಚ್ಚಿಡಬಾರದ ಇನ್ನೊಂದು ಸಂಗತಿ ಬಣ್ಣದ ಗೋಡೆ. ಆಬರ್ನ್, ಕ್ಲೆಮ್ಸನ್, ಜಾರ್ಜಿಯಾ ಟೆಕ್, ರೈಸ್ ಎಲ್ಲವೂ ಆಗ ಬಿಳಿಯರಿಗೆ ಮಾತ್ರ ಮೀಸಲು. ಜಾರ್ಜಿಯಾ ಟೆಕ್ ಕಪ್ಪು ವಿದ್ಯಾರ್ಥಿಗಳಿಗೆ ಬಾಗಿಲು ತೆರೆದದ್ದು 1961ರಲ್ಲಿ. 1917ರ ಜಾರ್ಜಿಯಾ ಟೆಕ್ ತಂಡ 9 ಪಂದ್ಯ ಗೆದ್ದು, 491 ಅಂಕ ಗಳಿಸಿ ಬರೀ 17 ಬಿಟ್ಟುಕೊಟ್ಟು, ದಕ್ಷಿಣದ ಮೊದಲ ರಾಷ್ಟ್ರೀಯ ಚಾಂಪಿಯನ್ ಎನಿಸಿತು. ಆ ಗೌರವವನ್ನೂ, ಆ ತಂಡಕ್ಕೆ ಯಾರು ಸೇರುವಂತಿರಲಿಲ್ಲ ಎಂಬುದನ್ನೂ ಒಟ್ಟಿಗೇ ಬರೆಯಬೇಕು. 1923ರಲ್ಲಿ ವಾಷಿಂಗ್ಟನ್ ಅಂಡ್ ಜೆಫರ್ಸನ್ ತಂಡದಲ್ಲಿ ಚಾರ್ಲ್ಸ್ ವೆಸ್ಟ್ ಎಂಬ ಕಪ್ಪು ಆಟಗಾರರಿದ್ದರು, 1922ರ ಜನವರಿಯ ರೋಸ್ ಬೌಲ್ ಎಂಬ ಪ್ರಸಿದ್ಧ ಪಂದ್ಯದಲ್ಲಿ ಕ್ವಾರ್ಟರ್‌ಬ್ಯಾಕ್ ಆಗಿದ್ದವರು. ಅವರನ್ನು ಹೊರಗಿಡದಿದ್ದರೆ ಆಡುವುದಿಲ್ಲ ಎಂದು ಎದುರಾಳಿ ವಾಷಿಂಗ್ಟನ್ ಅಂಡ್ ಲೀ ಪಟ್ಟುಹಿಡಿಯಿತು. ವಾಷಿಂಗ್ಟನ್ ಅಂಡ್ ಜೆಫರ್ಸನ್ ಕಾಲೇಜು ಒಪ್ಪಲಿಲ್ಲ, ಪಂದ್ಯ ನಡೆಯಲಿಲ್ಲ. ಆಗ ತರಬೇತುದಾರರು ಹೈಸ್‌ಮನ್. ಆದರೆ ನಿಲುವು ಕಾಲೇಜಿನದು ಎಂದೇ ಬರೆಯಿರಿ, ಹೈಸ್‌ಮನ್ ಖಾತೆಗೆ ಜಮೆ ಮಾಡಬೇಡಿ.

ಕನ್ನಡದ ಮಾತು

ಹೆಸರನ್ನು ‘ಹೀಸ್‌ಮನ್’ ಎಂದಲ್ಲ, ‘ಹೈಸ್‌ಮನ್’ ಎಂದು ಬರೆಯಿರಿ. ಉಚ್ಚಾರ ಹಾಗೆ. ಆಟಕ್ಕೆ ‘ಕಾಲ್ಚೆಂಡು’ ಬೇಡವೇ ಬೇಡ, ಓದುಗರ ಕಣ್ಣಮುಂದೆ ಬೇರೆ ಆಟವೇ ಬರುತ್ತದೆ. ಮೊದಲ ಸಲ ‘ಅಮೆರಿಕನ್ ಫುಟ್‌ಬಾಲ್’ ಎಂದು ಹೇಳಿ, ರಗ್ಬಿಯಿಂದ ಬೆಳೆದ ಆಟ ಎಂದು ಸೇರಿಸಿದರೆ ಮುಂದೆ ‘ಫುಟ್‌ಬಾಲ್’ ಸಾಕು. ಟಚ್‌ಡೌನ್, ಡೌನ್, ಸೆಂಟರ್, ಗಾರ್ಡ್, ಟ್ಯಾಕಲ್ ಇವನ್ನು ಹಾಗೇ ಉಳಿಸಿ. ಹೊಸ ಪದ ಟಂಕಿಸಿದರೆ ಮೂಲದಲ್ಲಿ ಹುಡುಕುವವರಿಗೆ ದಾರಿ ತಪ್ಪುತ್ತದೆ. ಅಳತೆಗೆ ಮಾತ್ರ ‘ಗಜ’ ಚೆನ್ನಾಗಿ ಒಗ್ಗುತ್ತದೆ, ಮೂರು ಅಡಿಯ ಗಜ ಕನ್ನಡಿಗರಿಗೆ ಹಳೆಯ ಪರಿಚಯ. ಡಾಲರನ್ನು ರೂಪಾಯಿಗೆ ಪರಿವರ್ತಿಸಬೇಡಿ, ನೂರು ವರ್ಷದ ಅಂತರದಲ್ಲಿ ಆ ಲೆಕ್ಕಕ್ಕೆ ಅರ್ಥವಿಲ್ಲ. ಹಿರಿಯರಿಗೆ ‘ಅವರು’ ಬಳಸಿ, ಆದರೆ ಪಂದ್ಯದ ವೇಗದ ವಿವರಣೆಯಲ್ಲಿ ಹೆಸರಿಲ್ಲದ ಆಟಗಾರನಿಗೆ ‘ಓಡಿದ, ಹಿಡಿದ’ ಎಂದರೆ ಅಗೌರವವಾಗದು.

ಕೊನೆಯ ವರ್ಷಗಳು, ಪ್ರಶಸ್ತಿ

ರೈಸ್ ಬಿಟ್ಟ ಮೇಲೆ ಹೈಸ್‌ಮನ್ ನ್ಯೂಯಾರ್ಕ್‌ಗೆ ಬಂದು ಡೌನ್‌ಟೌನ್ ಅಥ್ಲೆಟಿಕ್ ಕ್ಲಬ್‌ನ ಕ್ರೀಡಾ ನಿರ್ದೇಶಕರಾದರು. ಕಾಲೇಜು ಫುಟ್‌ಬಾಲ್ ಆಟಗಾರರಿಗೆ ಕೊಡುವ, ಇಂದು ಹೈಸ್‌ಮನ್ ಟ್ರೋಫಿ ಎಂದು ಹೆಸರಾದ ಪ್ರಶಸ್ತಿಯನ್ನು 1935ರಲ್ಲಿ ಕ್ಲಬ್ ಮೊದಲ ಬಾರಿ ಕೊಟ್ಟದ್ದು ಚಿಕಾಗೊ ವಿಶ್ವವಿದ್ಯಾಲಯದ ಜೇ ಬರ್‌ವ್ಯಾಂಗರ್ ಅವರಿಗೆ. ಆಗ ಅದಕ್ಕೆ ಕ್ಲಬ್‌ನ ಹೆಸರಷ್ಟೇ ಇತ್ತು. 1936ರ ಅಕ್ಟೋಬರ್ 3ರಂದು ಹೈಸ್‌ಮನ್ ನ್ಯುಮೋನಿಯಾದಿಂದ ತೀರಿಕೊಂಡರು. 67ನೇ ಹುಟ್ಟುಹಬ್ಬಕ್ಕೆ 20 ದಿನ ಬಾಕಿ ಇತ್ತು, ಆದ್ದರಿಂದ ವಯಸ್ಸು 66 ಎಂದು ಬರೆಯಬೇಕು. ಪ್ರಶಸ್ತಿಗೆ ಅವರ ಹೆಸರು ಬಂದದ್ದು ಅದಾದ ಮೇಲೆ, ಆ ಹೆಸರಿನಲ್ಲಿ ಮೊದಲು ಪಡೆದವರು ಯೇಲ್‌ನ ಲ್ಯಾರಿ ಕೆಲ್ಲಿ. ಕಂಚಿನ ಪ್ರತಿಮೆಯಲ್ಲಿ ಕೈಚಾಚಿ ಓಡುತ್ತಿರುವ ಆಟಗಾರ ಹೈಸ್‌ಮನ್ ಅಲ್ಲ. ಶಿಲ್ಪಿ ಫ್ರ್ಯಾಂಕ್ ಎಲಿಸ್ಕು ಅವರಿಗೆ ರೂಪದರ್ಶಿಯಾದವರು ನ್ಯೂಯಾರ್ಕ್ ವಿಶ್ವವಿದ್ಯಾಲಯದ ಎಡ್ ಸ್ಮಿತ್. ಆ ಚಿತ್ರವನ್ನು ಜೀವನಚರಿತ್ರೆಯ ಮೇಲ್ಭಾಗದಲ್ಲಿ ಹಾಕಿ ಕೆಳಗೆ ‘ಜಾನ್ ಹೈಸ್‌ಮನ್’ ಎಂದು ಬರೆಯುವ ತಪ್ಪು ಮಾಡಬೇಡಿ.

ಸಮಾಧಿ ಇರುವುದು ವಿಸ್ಕಾನ್ಸಿನ್‌ನ ರೈನ್‌ಲ್ಯಾಂಡರ್‌ನಲ್ಲಿ. ಅವರು ಅಲ್ಲಿ ಆಡಿದವರೂ ಅಲ್ಲ, ತರಬೇತಿ ಕೊಟ್ಟವರೂ ಅಲ್ಲ, ಆದ್ದರಿಂದ ಓದುಗರು ತಡವರಿಸುತ್ತಾರೆ. ಅದು ಎರಡನೇ ಪತ್ನಿ ಈಡಿತ್ ಕೋಲ್ ಅವರ ಊರು. ಬಕ್‌ಟೆಲ್ ದಿನಗಳಲ್ಲಿ ಪರಿಚಯವಾಗಿದ್ದ ಅವರನ್ನು ಹೈಸ್‌ಮನ್ ಮದುವೆಯಾದದ್ದು 1924ರಲ್ಲಿ. ಈಡಿತ್ ಅವರ ಹೆಸರನ್ನು 1893ರ ಬಕ್‌ಟೆಲ್ ಭಾಗದಲ್ಲೇ ಒಮ್ಮೆ ತಂದಿಟ್ಟಿದ್ದರೆ ಇಲ್ಲಿ ಬೇರೆ ವಿವರಣೆ ಬೇಕಾಗುವುದಿಲ್ಲ.